ಗೋಡೆಯ ಬದಲು ಕೊಳ
ಭದ್ರತೆ ಬೇಕಾದ ಕಟ್ಟಡವೊಂದರ ನಕ್ಷೆ ಬರೆಯಿರಿ ಎಂದು ಮೇಷ್ಟ್ರು ಹೇಳಿದಾಗ ನಾನು ಮೊದಲು ಎಳೆದದ್ದು ಎತ್ತರದ ಕಾಂಪೌಂಡ್ ಗೋಡೆ. ಸಿವಿಲ್ ಎಂಜಿನಿಯರಿಂಗ್ ಓದುವವನಿಗೆ ಅದಕ್ಕಿಂತ ಸುಲಭದ ಉತ್ತರವೇನಿದೆ?

ಆಮೇಲೆ ಲಂಡನ್ನಿನ ನೈನ್ ಎಲ್ಮ್ಸ್‌ನಲ್ಲಿ 2018ರ ಜನವರಿಯಲ್ಲಿ ಬಾಗಿಲು ತೆರೆದ ಅಮೆರಿಕದ ಹೊಸ ರಾಯಭಾರ ಕಚೇರಿಯ ಬಗ್ಗೆ ಓದಿದೆ. ಸುಮಾರು 100 ಕೋಟಿ ಡಾಲರ್ ವೆಚ್ಚದ ಆ ಗಾಜಿನ ಕಟ್ಟಡದ ಸುತ್ತ ಕೋಟೆಗೋಡೆಯಿಲ್ಲ. ಒಂದು ಬದಿಗೆ ಕೊಳ, ಉಳಿದೆಡೆ ಏರುತಗ್ಗಿನ ಹಸಿರು. ವಾಹನ ನುಗ್ಗದಂತೆ ತಡೆಯಲು ಅವೂ ನೆರವಾಗುತ್ತವೆ. ದಾರಿಹೋಕರಿಗೆ ಕಾಣುವುದು ಮಾತ್ರ ಉದ್ಯಾನ. ಹಳೆಯ ಕೋಟೆಗಳ ಕಂದಕವೇ ಇಲ್ಲಿ ವೇಷ ಬದಲಿಸಿದೆ!

ನಕ್ಷೆಯನ್ನು ಮತ್ತೆ ಬರೆದೆ. ಅಂಕವೇನೂ ಹೆಚ್ಚಲಿಲ್ಲ. ಆದರೆ ಗೋಡೆ ಎಳೆಯುವ ಮುನ್ನ ಯಾರನ್ನು ತಡೆಯಬೇಕು, ಯಾರನ್ನು ಬರಮಾಡಿಕೊಳ್ಳಬೇಕು ಎಂದು ಯೋಚಿಸುವುದನ್ನು ಕಲಿತೆ.