ಮುಖದ ನರಶೂಲೆಗೆ ಮದ್ಯಸಾರದ ಚುಚ್ಚುಮದ್ದು: ಉತ್ತರ ಕನ್ನಡ ಕರಾವಳಿಯ ನೆಲೆಯಿಂದ ಒಂದು ವಿವೇಚನೆ

ಮುಖದ ಒಂದು ಪಾರ್ಶ್ವದಲ್ಲಿ ಮಿಂಚಿನಂತೆ ಎರಗಿ, ಕೆಲವು ಕ್ಷಣಗಳಲ್ಲಿ ಅಡಗಿ, ಮತ್ತೆ ಮತ್ತೆ ಮರುಕಳಿಸುವ ವೇದನೆಯನ್ನು ವೈದ್ಯಶಾಸ್ತ್ರವು ಟ್ರೈಜೆಮಿನಲ್ ನರಶೂಲೆ ಎಂದು ಗುರುತಿಸುತ್ತದೆ. ಹಲ್ಲುಜ್ಜುವುದು, ತುತ್ತು ಅಗಿಯುವುದು, ಕೆನ್ನೆಗೆ ಗಾಳಿ ಸೋಕುವುದು ಇಷ್ಟೇ ಅದನ್ನು ಕೆರಳಿಸಲು ಸಾಕು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ದೋಣಿಯ ಮೇಲೆ ದುಡಿಯುವವರು ಗಾಳಿಯನ್ನು ತಪ್ಪಿಸಿಕೊಳ್ಳುವುದೆಂತು? ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಬರುವ ‘ಅನಂತವಾತ’ವನ್ನು ಇದರೊಡನೆ ಸಮೀಕರಿಸುವುದುಂಟು. ಆದರೆ ನೋವು ಕತ್ತಿನ ಹಿಂಭಾಗದಲ್ಲಿ ತೊಡಗುವುದೆಂಬ ಅಲ್ಲಿನ ವಿವರಣೆಯು ಈ ವ್ಯಾಧಿಗೆ ಒಪ್ಪುವುದಿಲ್ಲ.

ಹೆಸರಿನಲ್ಲಿಯೂ ಒಂದು ಗೊಂದಲವಿದೆ. ವೈದ್ಯಕೀಯ ಪರಿಭಾಷೆಯಲ್ಲಿ ‘ಮುಖದ ನರ’ವೆಂದರೆ ಸ್ನಾಯುಗಳನ್ನು ಚಲಿಸುವ ಏಳನೆಯ ಕಪಾಲನರ. ಈ ನೋವಿನ ವಾಹಕವಾದರೋ ಹಣೆ, ಮೇಲ್ದವಡೆ, ಕೆಳದವಡೆಗಳಿಗೆ ಕವಲೊಡೆಯುವ ಐದನೆಯ ನರ. ದವಡೆಯ ಕವಲುಗಳಲ್ಲಿಯೇ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ರೋಗಿಯು ಅದನ್ನು ಹಲ್ಲುನೋವೆಂದೇ ಭಾವಿಸುತ್ತಾನೆ. ಆರೋಗ್ಯವಾದ ಹಲ್ಲುಗಳನ್ನು ಒಂದಾದ ಮೇಲೊಂದರಂತೆ ಕೀಳಿಸಿಕೊಂಡರೂ ನೋವು ನಿಲ್ಲದಿದ್ದಾಗಲೇ ನಿಜವಾದ ರೋಗನಿದಾನವಾಗುವ ಪ್ರಸಂಗಗಳು ಇಂದಿಗೂ ವಿರಳವಲ್ಲ.

ಮೊದಲ ಚಿಕಿತ್ಸೆ ಔಷಧವೇ. 1962ರಿಂದ ಬಳಕೆಗೆ ಬಂದ ಕಾರ್ಬಮಜೆಪೀನ್ ಬಹುಪಾಲು ರೋಗಿಗಳಲ್ಲಿ ಆರಂಭದಲ್ಲಿ ಫಲ ನೀಡುತ್ತದೆ. ತಲೆಸುತ್ತು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಕೆಲವೊಮ್ಮೆ ಚರ್ಮದ ತೀವ್ರ ಪ್ರತಿಕ್ರಿಯೆ ಇವು ಅದರ ದೋಷಗಳು. ಔಷಧವು ಫಲಿಸದಾಗ ಅಥವಾ ಸಹಿಸಲಾಗದಾಗ ಚುಚ್ಚುಮದ್ದಿನ ಪ್ರಶ್ನೆ ಏಳುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಪಿತ್ರ್, ಶ್ಲೋಸರ್ ಮೊದಲಾದವರು ರೂಢಿಗೆ ತಂದ ಈ ವಿಧಾನದ ತತ್ತ್ವ ಸರಳವಾದುದು. ಶುದ್ಧ ಮದ್ಯಸಾರವು ನರತಂತುವಿನ ನೀರನ್ನು ಹೀರಿ, ಅದರ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿ, ಸಂವೇದನೆಯ ದಾರಿಯನ್ನು ಕಡಿದುಬಿಡುತ್ತದೆ. ಕಣ್ಣಿನ ಕೆಳಗಿನ ಎಲುಬಿನ ರಂಧ್ರ, ಗಲ್ಲದ ರಂಧ್ರ, ಕೆಳದವಡೆಯ ಒಳಮೈ ಇವು ಸಾಮಾನ್ಯವಾಗಿ ಸೂಜಿ ಚುಚ್ಚುವ ಸ್ಥಾನಗಳು. ಮೊದಲು ಲಿಗ್ನೊಕೇನ್ ಚುಚ್ಚಿ, ನೋವಿನ ಪ್ರದೇಶವು ಜೋಮುಗಟ್ಟಿತೆಂಬುದನ್ನು ಖಚಿತಪಡಿಸಿಕೊಂಡು, ಬಳಿಕ ಒಂದು ಮಿಲಿಲೀಟರಿನಷ್ಟು ಅಥವಾ ಅದಕ್ಕೂ ಕಡಿಮೆ ಮದ್ಯಸಾರವನ್ನು ನಿಧಾನವಾಗಿ ಬಿಡಲಾಗುತ್ತದೆ. ಅದು ಪಕ್ಕದ ಅಂಗಾಂಶಕ್ಕೆ ಹರಿದರೆ ಕೊಳೆತ, ಬಾಯಿ ಬಿಗಿತ ಮೊದಲಾದ ತೊಡಕುಗಳಾಗಬಹುದು.

ಫಲವು ಶಾಶ್ವತವಲ್ಲ. ನರತಂತು ಮರಳಿ ಬೆಳೆಯುವುದರಿಂದ ಉಪಶಮನವು ಕೆಲವು ತಿಂಗಳು, ಕೆಲವರಲ್ಲಿ ವರ್ಷಕ್ಕೂ ಮೀರಿ ಉಳಿಯುತ್ತದೆ. ಪುನರಾವರ್ತಿಸಿದಂತೆ ನಾರುಗಟ್ಟಿ, ಸೂಜಿಯ ಕೆಲಸ ಕಠಿಣವಾಗುತ್ತದೆ. ಈ ಕಾರಣದಿಂದಲೇ ನರವನ್ನು ಒತ್ತುವ ರಕ್ತನಾಳವನ್ನು ಸರಿಸುವ ಶಸ್ತ್ರಕ್ರಿಯೆ, ರೇಡಿಯೊತರಂಗದ ಚಿಕಿತ್ಸೆ ಮುಂತಾದವು ಇದನ್ನು ಹಿಂದಕ್ಕೆ ಸರಿಸಿವೆ.

ಆದರೂ ಕರಾವಳಿಯ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅದನ್ನು ಇತಿಹಾಸಕ್ಕೆ ಸೇರಿಸಿಬಿಡುವುದು ಸರಿಯಲ್ಲ. ಮಣಿಪಾಲವು ಭಟ್ಕಳದಿಂದ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150 ಕಿ.ಮೀ. ದೂರದಲ್ಲಿದೆ, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕಿಂತಲೂ ಬಹುದೂರ. ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನರು 2019ರಲ್ಲಿ, ಮತ್ತೆ 2022ರಲ್ಲಿ ದನಿಯೆತ್ತಿದ್ದು ಈ ದೂರವನ್ನು ಕುರಿತೇ. ತಲೆಬುರುಡೆ ತೆರೆಯುವ ಶಸ್ತ್ರಕ್ರಿಯೆಯನ್ನು ತಾಳಲಾರದ ವೃದ್ಧರಿಗೆ, ನುರಿತ ಬಾಯಿ–ದವಡೆ ಶಸ್ತ್ರವೈದ್ಯರ ಕೈಯಲ್ಲಿ, ಈ ಸೂಜಿಯು ಊಟವನ್ನೂ ನಿದ್ರೆಯನ್ನೂ ಕೆಲಕಾಲವಾದರೂ ಮರಳಿಸಬಲ್ಲದು. ಎಳೆಯ ವಯಸ್ಸಿನವರಲ್ಲಿ ಅಥವಾ ಎರಡೂ ಪಾರ್ಶ್ವಗಳಲ್ಲಿ ನೋವಿದ್ದರೆ ಎಂ.ಆರ್.ಐ. ಪರೀಕ್ಷೆ ಅನಿವಾರ್ಯ.

ನೋವು ಹೋದೆಡೆ ಸ್ಪರ್ಶವೂ ಹೋಗುತ್ತದೆಂಬುದನ್ನು ರೋಗಿಗೆ ಮೊದಲೇ ತಿಳಿಸಬೇಕು. ಅದಕ್ಕೊಂದು ಸುಲಭೋಪಾಯವಿದೆ: ಮೊದಲ ದಿನ ಲಿಗ್ನೊಕೇನನ್ನಷ್ಟೇ ಚುಚ್ಚಿ, ಒಂದೆರಡು ಗಂಟೆ ಜೋಮುಗಟ್ಟಿದ ತುಟಿಯೊಡನೆ ಕುಳಿತಿರಲು ಬಿಟ್ಟು, ಆ ಬಳಿಕ ಅವರ ನಿರ್ಧಾರವನ್ನು ಕೇಳುವುದು.