ವಾಸನೆ ಬಾರದ ನಶೆ: ಕಾಲೇಜು ಮಕ್ಕಳ ಮನೆಯವರು ತಿಳಿದಿರಬೇಕಾದದ್ದು

ಮಗ ತಡವಾಗಿ ಮನೆಗೆ ಬಂದರೆ ನಮ್ಮಲ್ಲಿ ಉಮ್ಮ ಮೊದಲು ಮಾಡುವ ಕೆಲಸ, ಮೆಲ್ಲಗೆ ಹತ್ತಿರ ಹೋಗಿ ಬಾಯಿಯ ವಾಸನೆ ನೋಡುವುದು. ಏನೂ ಇಲ್ಲದಿದ್ದರೆ ಅಲ್‌ಹಮ್ದುಲಿಲ್ಲಾಹ್ ಎಂದು ಅನ್ನ ಬಡಿಸುತ್ತಾಳೆ. ಕುಡಿತವೊಂದೇ ಭಯವಾಗಿದ್ದ ಕಾಲಕ್ಕೆ ಈ ಪರೀಕ್ಷೆ ಸರಿಯಿತ್ತು. ಈಗ ಮುಂಬೈ, ಠಾಣೆ, ಕಲ್ಯಾಣ್, ಉಲ್ಹಾಸನಗರದ ಕಡೆ ಹುಡುಗರ ಬಾಯಲ್ಲಿ ಓಡಾಡುವ ಹೆಸರುಗಳೇ ಬೇರೆ. 'ಎಂಡಿ' ಎಂದರೆ ಮೆಫೆಡ್ರೋನ್ ಪುಡಿ. 'ಬಟನ್' ಎಂದರೆ ವೈದ್ಯರ ಚೀಟಿ ಇಲ್ಲದೆ ಮಾರುವ ನಿದ್ದೆ ಮಾತ್ರೆ. ಇನ್ನೊಂದು ಕೊಡೀನ್ ಇರುವ ಕೆಮ್ಮಿನ ಸಿರಪ್. ಇವು ಯಾವುದರಲ್ಲೂ ಸಾರಾಯಿಯ ವಾಸನೆ ಬರುವುದಿಲ್ಲ.

ಎಂಡಿಯನ್ನು ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿದ್ದೇ 2015ರಲ್ಲಿ. ಅಲ್ಲಿಯವರೆಗೆ ಇದನ್ನು ಹಿಡಿಯಲು ಪೊಲೀಸರ ಕೈಯಲ್ಲಿ ಸರಿಯಾದ ಕಾನೂನೇ ಇರಲಿಲ್ಲ. ಮಾರುವವರಿಗೆ ಅಷ್ಟು ಸಮಯ ಸಾಕಾಯಿತು.

ಉಲ್ಹಾಸನಗರ ಹುಟ್ಟಿದ್ದೇ ನಿರಾಶ್ರಿತರ ಊರಾಗಿ. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದವರನ್ನು ಕಲ್ಯಾಣ್‌ನ ಮಿಲಿಟರಿ ಕ್ಯಾಂಪಿನಲ್ಲಿ ಇರಿಸಿದರು, 1949ರಲ್ಲಿ ಅದಕ್ಕೆ ಈ ಹೆಸರು ಬಂತು. ಇವತ್ತಿಗೂ ವಿಳಾಸ ಹೇಳುವಾಗ ಕ್ಯಾಂಪ್ ನಂಬರ್ ಹೇಳಬೇಕು. ಆಮೇಲೆ ಎಲ್ಲ ಕಡೆಯವರೂ ಬಂದು ಸೇರಿದರು, ನಮ್ಮವರೂ ಬಂದರು. ಕರಾವಳಿಯಿಂದ ಹೋಟೆಲಿಗೆ, ಬೇಕರಿಗೆ ಬಂದವರು, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇಂಥ ಒಂದು ಮನೆಯನ್ನು ನೀವೇ ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪ ಬೆಳಗ್ಗಿನ ಲೋಕಲ್ ಹಿಡಿದರೆ ತಿರುಗಿ ಬರುವುದು ರಾತ್ರಿ ಹತ್ತಕ್ಕೆ. ಮನೆ ಒಂದು ಕೋಣೆಯದು. ಮಗನ ಕಾಲೇಜು ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅಲ್ಲಿಂದ ರಾತ್ರಿಯವರೆಗೆ ಅವನು ಎಲ್ಲಿರಬೇಕು? ಆಟದ ಮೈದಾನ ಇಲ್ಲ, ಮನೆಯಲ್ಲಿ ಕುಳಿತುಕೊಳ್ಳಲು ಜಾಗ ಇಲ್ಲ. ಸ್ಟೇಷನ್ ಹೊರಗಿನ ಕಟ್ಟೆ ಇದೆ. ಕಟ್ಟೆಯ ಮೇಲೆ ಯಾರಾದರೂ ಇದ್ದೇ ಇರುತ್ತಾರೆ.

ತಡೆಗಟ್ಟುವುದು ಎಂದರೆ ಈ ಖಾಲಿ ಗಂಟೆಗಳನ್ನು ತುಂಬಿಸುವುದು. ಐಸ್‌ಲ್ಯಾಂಡ್ ದೇಶ ಇದನ್ನೇ ಮಾಡಿತು. ಅಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿಸಿಕೊಂಡಿದ್ದರು. 2016ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಬರೀ ಭಾಷಣದಿಂದ ಇಳಿದದ್ದಲ್ಲ. ಆಟ, ಸಂಗೀತಕ್ಕೆ ಸರ್ಕಾರ ಹಣ ಕೊಟ್ಟಿತು, ರಾತ್ರಿ ಹೊತ್ತು ಮಕ್ಕಳು ಹೊರಗಿರಬಾರದೆಂಬ ನಿಯಮ ಬಂತು, ತಾಯಿ ತಂದೆಯರು ಗುಂಪಾಗಿ ಬೀದಿಯಲ್ಲಿ ನಡೆದರು. ನಮಗೆ ಅಷ್ಟು ಹಣ ಇಲ್ಲ ನಿಜ. ಆದರೆ ಅಸರ್‌ನಿಂದ ಇಶಾವರೆಗೆ ಮಸೀದಿಯ ಮೇಲಿನ ಹಾಲ್ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿ ಎರಡು ಮೇಜು, ಒಂದು ಕ್ಯಾರಂ ಬೋರ್ಡ್ ಇಟ್ಟು, ಓದಲು ಬರುವವರಿಗೆ ಫ್ಯಾನ್ ಹಾಕಿಕೊಟ್ಟರೆ ಏನು ಖರ್ಚು? ಕ್ಯಾರಂ ಎಂದ ತಕ್ಷಣ ಕಮಿಟಿಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ, ಗೊತ್ತಿದೆ. ಸ್ಟೇಷನ್ ಕಟ್ಟೆಗಿಂತ ಅದು ವಾಸಿ.

ಇನ್ನು, ಈಗಾಗಲೇ ಒಮ್ಮೆ ಎರಡು ಬಾರಿ ರುಚಿ ನೋಡಿದವನ ವಿಷಯ. ನಾವು ಎಡವುವುದು ಇಲ್ಲೇ. ನಮ್ಮ ಲೆಕ್ಕದಲ್ಲಿ ಎರಡೇ ಬಗೆಯ ಹುಡುಗರು: ಮುಟ್ಟದವನು, ಹಾಳಾದವನು. ಇಬ್ಬರ ನಡುವೆ ಒಂದು ದೊಡ್ಡ ಕಾಲ ಇದೆ. ಶನಿವಾರಕ್ಕೊಮ್ಮೆ ತಗೊಳ್ಳುವ ಕಾಲ, ಪರೀಕ್ಷೆಗೆ ಎಚ್ಚರ ಇರಲೆಂದು ತಗೊಳ್ಳುವ ಕಾಲ, ಸುಳ್ಳು ಹೇಳಲು ಇನ್ನೂ ನಾಚಿಕೆಯಾಗುವ ಕಾಲ. ತಿರುಗಿ ಬರುವುದು ಸುಲಭ ಇರುವುದು ಆಗಲೇ. ಹರಾಮ್ ಎಂದು ಗೊತ್ತಿರುವ ಕಾರಣಕ್ಕೇ ಅವನು ಯಾರಿಗೂ ಹೇಳುವುದಿಲ್ಲ. ಜಮಾಅತಿನಲ್ಲಿ ತಲೆ ತಗ್ಗಿಸಬೇಕಾದೀತೆಂದು ಮನೆಯವರೂ ಮುಚ್ಚಿಡುತ್ತಾರೆ. ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬನಿಗೆ.

ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗ ಇದೆ, ಖುತ್ಬಾಗಳಲ್ಲಿ ಅದು ಕೇಳಿಬರುವುದು ಅಪರೂಪ. ಕುಡಿದು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದ ಒಬ್ಬರಿದ್ದರು. ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಪಕ್ಕದಲ್ಲಿದ್ದವನೊಬ್ಬ ಅವರನ್ನು ಶಪಿಸಿದಾಗ ಪ್ರವಾದಿಯವರು(ಸ) ತಡೆದರು. ಆತನಿಗೆ ಅಲ್ಲಾಹ್ ಮತ್ತು ಅವನ ರಸೂಲರ ಮೇಲೆ ಪ್ರೀತಿಯಿದೆ ಎಂದರು. ಕೆಲಸವನ್ನು ತಪ್ಪೆಂದರು, ಆದರೆ ಮನುಷ್ಯನನ್ನು ಕೈಬಿಡಲಿಲ್ಲ. ಕುರ್‌ಆನಿನಲ್ಲೂ ಮದ್ಯದ ನಿಷೇಧ ಒಂದೇ ದಿನಕ್ಕೆ ಬಂದದ್ದಲ್ಲ. ಅಲ್‌ಬಕರದ 219, ಅನ್ನಿಸಾದ 43, ಕೊನೆಗೆ ಅಲ್‌ಮಾಇದದ 90ನೇ ಆಯತ್ ಎಂದು ಹಂತ ಹಂತವಾಗಿ ಇಳಿಯಿತು. ಇಂದು ನಮಗೆ ಅದು ಪೂರ್ತಿ ಹರಾಮ್, ಅದರಲ್ಲಿ ಚರ್ಚೆಯೇ ಇಲ್ಲ. ಬಿಡಿಸುವ ದಾರಿಗೆ ಮಾತ್ರ ತಾಳ್ಮೆ ಬೇಕು.

ಹಾಗಾದರೆ ಏನು ನೋಡಬೇಕು? ಎಂಡಿ ತಗೊಂಡವನಿಗೆ ರಾತ್ರಿಯಿಡೀ ನಿದ್ದೆ ಇಲ್ಲ, ಹಸಿವಿಲ್ಲ, ದವಡೆ ಬಿಗಿ ಹಿಡಿದಂತಿರುತ್ತದೆ, ಮಾತು ಜಾಸ್ತಿ. ಮರುದಿನ ಹೊತ್ತು ಮುಳುಗುವವರೆಗೆ ಮಲಗಿ, ಎದ್ದಾಗ ಮಂಕು. ಕೆಲವೇ ವಾರಗಳಲ್ಲಿ ಪ್ಯಾಂಟ್ ಸಡಿಲವಾಗಬಹುದು. ಗಾಂಜಾಕ್ಕೆ ಕೆಂಪು ಕಣ್ಣು, ಹೊತ್ತಲ್ಲದ ಹೊತ್ತಿನ ಹಸಿವು. ಸಿರಪ್ ಕುಡಿಯುವವನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮೈ ತುರಿಕೆ, ಮಲಬದ್ಧತೆ. ಮಾತ್ರೆಯದ್ದಾದರೆ ವಾಸನೆಯೇ ಇಲ್ಲದೆ ಕುಡಿದವನಂತೆ ತೊದಲು. ಒಂದು ಲಕ್ಷಣ ಕಂಡ ಮಾತ್ರಕ್ಕೆ ತೀರ್ಮಾನ ಮಾಡಬೇಡಿ, ಪರೀಕ್ಷೆಯ ದಿನಗಳಲ್ಲಿ ಎಲ್ಲ ಮಕ್ಕಳೂ ನಿದ್ದೆಗೆಡುತ್ತಾರೆ. ಹಾಜರಿ ಇಳಿದು, ಹಳೇ ಗೆಳೆಯರು ಬದಲಾಗಿ, ಫೀಸಿನ ಹಣಕ್ಕೆ ಲೆಕ್ಕ ಸಿಗದೆ, ಇದೂ ಜೊತೆಗಿದ್ದರೆ ಕೇಳಲೇಬೇಕು. ಮಗಳ ವಿಷಯದಲ್ಲೂ ಅಷ್ಟೇ. ಅವಳ ಮೇಲೆ ಯಾರಿಗೂ ಸಂಶಯ ಬರುವುದಿಲ್ಲವಾದ್ದರಿಂದ ಅವಳದ್ದು ಇನ್ನೂ ತಡವಾಗಿ ತಿಳಿಯುತ್ತದೆ.

ಕೇಳುವುದು ಹೇಗೆ? ಅಮಲಿನಲ್ಲಿರುವಾಗ ಬೇಡ, ನೆಂಟರ ಮುಂದೆ ಬೇಡವೇ ಬೇಡ. "ಮೋನೇ, ಇತ್ತೀಚೆಗೆ ನೀನು ಮಲಗುವುದೇ ಇಲ್ಲ, ನನಗೆ ಭಯ ಆಗ್ತಿದೆ. ಏನಿದ್ದರೂ ಹೇಳು, ನಾನು ಹೊಡೆಯಲ್ಲ" ಎಂದು ಶುರು ಮಾಡಿ, ಆಮೇಲೆ ಸುಮ್ಮನಿದ್ದು ಕೇಳಿ. ಹೇಳಿದ ಮೇಲೆ ಹೊಡೆದರೆ ಮತ್ತೆ ಅವನು ಬಾಯಿ ಬಿಡುವುದಿಲ್ಲ. ಇದರಿಂದ ಅವನಿಗೆ ಏನು ಸಿಗುತ್ತಿದೆ, ಏನು ಕಳೆದುಹೋಗುತ್ತಿದೆ ಎಂದು ಅವನ ಬಾಯಿಂದಲೇ ಬರಲಿ. ಕೌನ್ಸೆಲರ್‌ಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಗೋವಾದ ಸಂಗಾತ್ ಸಂಸ್ಥೆ ಮಿತಿಮೀರಿ ಕುಡಿಯುತ್ತಿದ್ದ ವಯಸ್ಕ ಗಂಡಸರ ಮೇಲೆ ಇದನ್ನು ಪರೀಕ್ಷಿಸಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಮಾತಾಡಿಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳ ನಂತರ ಅವರ ಬಳಿ ಹೋದವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು, ಹೋಗದವರಲ್ಲಿ 26. ಪವಾಡವೇನಲ್ಲ. ಆದರೆ ಇಂಥ ತರಬೇತಿ ಪಡೆದ ಇಬ್ಬರು ಪ್ರತಿ ಮೊಹಲ್ಲಾದಲ್ಲಿ ಇರುವುದು ಅಸಾಧ್ಯವೂ ಅಲ್ಲ.

ಒಂದು ತಪ್ಪನ್ನು ಮಾತ್ರ ಮಾಡಬೇಡಿ: ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದು. ದಿನಾ ಜಾಸ್ತಿ ಕುಡಿಯುತ್ತಿದ್ದವನು ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಕದಡಬಹುದು, ಜೀವವೇ ಹೋಗಬಹುದು. ನಿದ್ದೆ ಮಾತ್ರೆಯದ್ದೂ ಹೀಗೆಯೇ. ಇದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. 'ಊರಿಗೆ ಕಳಿಸಿದರೆ ಸರಿಹೋಗುತ್ತಾನೆ' ಎಂಬುದೂ ನಮ್ಮಲ್ಲಿ ಹಳೇ ಮದ್ದು. ಅಜ್ಜಿಮನೆಯಲ್ಲಿ ಎರಡು ತಿಂಗಳು ಸುಮ್ಮನಿದ್ದು ಬಂದವನು, ಬಂದ ದಿನವೇ ಕೊಡೀನ್ ಅಥವಾ ಹೆರಾಯಿನ್ ಹಳೇ ಪ್ರಮಾಣದಲ್ಲೇ ತಗೊಂಡರೆ ದೇಹ ತಾಳುವುದಿಲ್ಲ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿಕೊಳ್ಳಿ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗುತ್ತದೆ. ಮಾರುವವನಿಗೆ ಇದು ಅನ್ವಯಿಸುವುದಿಲ್ಲ, ಹಾಗಾಗಿ 'ಗೆಳೆಯನಿಗೆ ಒಂದು ಪ್ಯಾಕೆಟ್ ತಲುಪಿಸಿಬಿಡು' ಎಂಬ ಮಾತಿಗೆ ಬೀಳಬೇಡಿ ಎಂದು ಮಕ್ಕಳಿಗೆ ಬಿಡಿಸಿ ಹೇಳಿ. ವ್ಯಸನದಿಂದಾಗುವ ಮನೋವ್ಯಾಧಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಒಳಗೂ ಬರುತ್ತದೆ. ರೋಗಿಯ ಗುಟ್ಟು ಕಾಯುವುದು ಅದರ ಪ್ರಕಾರ ಕರ್ತವ್ಯ, ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. 'ಕಟ್ಟಿಹಾಕಿ ಬಿಡಿಸುತ್ತೇವೆ' ಎನ್ನುವ ಕೇಂದ್ರದಿಂದ ದೂರವಿರಿ.

ಫೋನ್ ಮಾಡಬೇಕೆಂದರೆ 14446 ವ್ಯಸನಮುಕ್ತಿಯ ಸಹಾಯವಾಣಿ, 14416 ಟೆಲಿ ಮಾನಸ್. ಎರಡಕ್ಕೂ ಖರ್ಚಿಲ್ಲ. ಹೋಗಬೇಕೆಂದರೆ ಠಾಣೆಯಲ್ಲಿ 1901ರಿಂದ ಇರುವ ಸರ್ಕಾರಿ ಮಾನಸಿಕ ಆಸ್ಪತ್ರೆ, ಪರೇಲ್‌ನ ಕೆಇಎಂ ಆಸ್ಪತ್ರೆಯ ಮನೋರೋಗ ವಿಭಾಗ ಇವೆ. ಪುಣೆಯ ಮುಕ್ತಾಂಗಣವನ್ನು ಲೇಖಕ ಅನಿಲ್ ಅವಚಟ್ ಮತ್ತು ಅವರ ಪತ್ನಿ ಡಾ. ಅನಿತಾ 1986ರಲ್ಲಿ ಶುರು ಮಾಡಿದರು. ಒಮ್ಮೆ ಬಿಟ್ಟವನು ಮತ್ತೆ ಎಡವುವುದು ಸಾಮಾನ್ಯ, ಅದಕ್ಕೆ ಮುಂದಿನ ತಾರೀಖು ತಪ್ಪಿಸಬೇಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಗೆಳೆಯನ ಸ್ಥಿತಿ ಅವನ ಮನೆಯವರಿಗಿಂತ ಮೊದಲು ಗೊತ್ತಾಗುವುದು ನಿಮಗೆ. ಅವನು ಎಬ್ಬಿಸಿದರೆ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿದ್ದರೆ 'ಮಲಗಲಿ ಬಿಡು' ಎನ್ನಬೇಡಿ. ವಾಂತಿ ಗಂಟಲಿಗೆ ಸಿಕ್ಕದಂತೆ ಪಕ್ಕಕ್ಕೆ ಹೊರಳಿಸಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಗಿರಿ. ಏನು ತಗೊಂಡಿದ್ದಾನೆಂದು ಡಾಕ್ಟರಿಗೆ ನಿಜ ಹೇಳಿ. ಮಾತ್ರೆಯ ಖಾಲಿ ಪಟ್ಟಿ ಅಥವಾ ಬಾಟಲಿ ಸಿಕ್ಕರೆ ಎಸೆಯದೆ ಜೇಬಿನಲ್ಲಿ ಹಾಕಿಕೊಂಡು ಹೋಗಿ.