ತಗಡಿನ ಛಾವಣಿಯ ಅಟ್ಟ ಮತ್ತು ಬಿತ್ತನೆ ಬೀಜ

ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಶೇಂಗಾ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಕಂಡಾಗ ರೈತರು ಮಳೆಯನ್ನೋ ಮಣ್ಣನ್ನೋ ದೂರುವುದುಂಟು. ಮನೆಯಲ್ಲೇ ಕಾಯ್ದಿಟ್ಟ ಬೀಜವಾಗಿದ್ದರೆ ಮೊದಲು ಅಟ್ಟವನ್ನು ಪರೀಕ್ಷಿಸುವುದು ಲೇಸು. ಅನೇಕ ವೇಳೆ ಬೀಜದ ಜೀವ ಬಿತ್ತನೆಗೆ ಮೊದಲೇ ಅಲ್ಲಿ ಹೋಗಿರುತ್ತದೆ.

ಬೀಜವನ್ನು ಅಟ್ಟದಲ್ಲಿಡುವ ರೂಢಿ ಬಹು ಹಳೆಯದು. ಆಗ ಮನೆಗಳಿಗೆ ಹುಲ್ಲು, ಸೋಗೆ ಅಥವಾ ನಾಡಹೆಂಚಿನ ಹೊದಿಕೆ ಇತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಬಂದಿತು. ಹೆಂಚಿನ ಸಂದುಗಳಲ್ಲಿ ಬಿಸಿ ಗಾಳಿ ತಾನಾಗಿಯೇ ಹೊರಹೋಗುತ್ತಿತ್ತು. ಒಲೆಯ ಹೊಗೆ ಹುಳುಗಳನ್ನೂ ತೇವವನ್ನೂ ದೂರವಿಡುತ್ತಿತ್ತು. ಈಗ ತಗಡು, ಸಿಮೆಂಟ್ ಶೀಟುಗಳು ಬಂದಿವೆ. ಛಾವಣಿ ಬದಲಾಯಿತು, ರೂಢಿ ಮಾತ್ರ ಹಾಗೆಯೇ ಉಳಿಯಿತು.

ಬೇಸಿಗೆಯ ಮಧ್ಯಾಹ್ನ ಹಳೆಯ ತಗಡಿನ ಕಾವು 60 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ಕಾದ ತಗಡು ಕೆಂಡದಂತೆ ತನ್ನ ಕೆಳಗಿರುವ ಚೀಲಗಳ ಮೇಲೆ ನೇರವಾಗಿ ಕಾವನ್ನು ಸೂಸುತ್ತದೆ. ಆದುದರಿಂದ ಕಿಟಕಿಯೊಂದನ್ನು ತೆರೆದರೆ ಸಾಕೆಂಬ ಭಾವನೆ ಸರಿಯಲ್ಲ. ಗಾಳಿ ತಣ್ಣಗಾದರೂ ಈ ಸೂಸುವ ಕಾವು ನಿಲ್ಲುವುದಿಲ್ಲ.

ಬೀಜದ ಆಯುಸ್ಸಿಗೆ ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಹಾಕಿಕೊಟ್ಟ ಒಂದು ಸ್ಥೂಲ ಲೆಕ್ಕವಿದೆ. ಉಷ್ಣತೆ ಸುಮಾರು 5 ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿ. ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೂ ಇಮ್ಮಡಿ. ಅಟ್ಟದಲ್ಲಿ 45 ಡಿಗ್ರಿ, ಕೆಳಗಿನ ಕೋಣೆಯಲ್ಲಿ 35 ಡಿಗ್ರಿ ಇದ್ದರೆ, ತೇವಾಂಶ ಒಂದೇ ಆಗಿದ್ದಲ್ಲಿ ಅಟ್ಟದ ಬೀಜಕ್ಕೆ ಕೆಳಗಿನದರ ಕಾಲು ಪಾಲು ಆಯುಸ್ಸು ಮಾತ್ರ. ಒಣ ಬೇಸಿಗೆಯಲ್ಲಿ ಬೀಜವೂ ಒಣಗುವುದರಿಂದ ಅಷ್ಟಿಷ್ಟು ತಾಳಿಕೊಳ್ಳುತ್ತದೆ. ಅಪಾಯ ಹೆಚ್ಚುವುದು ಮೇ ತಿಂಗಳ ಅಡ್ಡಮಳೆಗಳ ನಂತರ. ಗಾಳಿಯಲ್ಲಿ ತೇವ ಏರಿರುತ್ತದೆ, ಮರುದಿನದ ಬಿಸಿಲಿಗೆ ತಗಡು ಮತ್ತೆ ಕಾಯುತ್ತದೆ. ಬಿತ್ತನೆಗೆ ಮೂರು ನಾಲ್ಕು ವಾರವಿರುವಾಗಲೇ ಬೀಜ ಕೈಕೊಡುವುದು ಇದರಿಂದ.

ಚಳಿಗಾಲದ ತೊಂದರೆ ಬೇರೆ. ನಿರಭ್ರ ರಾತ್ರಿಗಳಲ್ಲಿ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅಡಿಗೆಮನೆಯ ಹಬೆ ಅದರ ಅಡಿಗೆ ತಾಗಿ ಹನಿಯಾಗಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಛಾವಣಿ ಸೋರುತ್ತಿದೆಯೆಂದು ಡಾಂಬರು ಬಳಿದವರೂ ಇದ್ದಾರೆ. ಕಪ್ಪು ಬಣ್ಣದಿಂದ ಬೇಸಿಗೆಯ ಕಾವು ಇನ್ನಷ್ಟು ಏರಿತೇ ಹೊರತು ಹನಿ ನಿಲ್ಲಲಿಲ್ಲ.

ಮಾಡಬೇಕಾದುದೇನು?

ಶೀಟಿನಿಂದ ಅರ್ಧ ಅಡಿ ಕೆಳಗೆ ಬಿದಿರಿನ ತಟ್ಟಿ ಅಥವಾ ಚಾಪೆಯನ್ನು ಮರೆಯಾಗಿ ಕಟ್ಟಬೇಕು. ಶೀಟು ಸೂಸುವ ಕಾವನ್ನು ಈ ಮರೆ ತಡೆಯುತ್ತದೆ. ಆದರೆ ಮರೆಗೂ ಶೀಟಿಗೂ ನಡುವಿನ ಗಾಳಿ ಅಲ್ಲೇ ನಿಲ್ಲಬಾರದು. ಸೂರಿನ ಅಂಚಿನಲ್ಲಿ ಗಾಳಿ ಒಳಬರಲು, ಮುಡುವಿನ ಬಳಿ ಅಥವಾ ತ್ರಿಕೋನ ಗೋಡೆಯ ತುದಿಯಲ್ಲಿ ಹೊರಹೋಗಲು ದಾರಿಯಿರಬೇಕು. ಅಟ್ಟದ 150 ಚದರ ಅಡಿಗೆ 1 ಚದರ ಅಡಿ ತೆರಪು ಎಂಬುದು ಕಟ್ಟಡದವರು ಬಳಸುವ ಲೆಕ್ಕ. 30 ಅಡಿ ಉದ್ದ, 15 ಅಡಿ ಅಗಲದ ಅಟ್ಟಕ್ಕೆ 3 ಚದರ ಅಡಿ ಆಯಿತು. ನಮ್ಮ ಬಯಲುಸೀಮೆಯ ಬಿಸಿಲಿಗೆ ಅದರ ಎರಡರಷ್ಟು, ಕೆಳಗರ್ಧ ಮೇಲರ್ಧ ಹಂಚಿ ಬಿಡುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಇಲಿಗಳಿಗಾಗಿ ಕಾಲು ಅಂಗುಲ ಕಣ್ಣಿನ ತಂತಿಜಾಲರಿ ಹೊಡೆಯಬೇಕು. ಜಾಲರಿಯೂ ಗಾಳಿಯನ್ನು ತಡೆಯುವುದರಿಂದ ಕಿಂಡಿ ತುಸು ದೊಡ್ಡದಿರಲಿ. ಮರೆಯ ಮೇಲೆ ಹುಲ್ಲು ತುಂಬುವುದು ಬೇಡ. ಅದು ಇಲಿಗೆ ಮನೆ, ಬೆಂಕಿಗೆ ಆಹಾರ.

ಹೊರಗಿನಿಂದ ಬಿಳಿ ಬಳಿಯುವುದು ಎಲ್ಲಕ್ಕಿಂತ ಅಗ್ಗ. ಸಿಮೆಂಟ್ ಶೀಟಿಗೆ ಸುಣ್ಣ ಹಿಡಿಯುತ್ತದೆ, ಪ್ರತಿ ಬೇಸಿಗೆಗೆ ಮುನ್ನ ಮತ್ತೆ ಬಳಿಯಬೇಕು. ತಗಡಿಗೆ ಸುಣ್ಣ ನಿಲ್ಲದು, ಬಿಳಿ ಬಣ್ಣವೇ ಬೇಕು. ಹಳೆಯ ಕಲ್ನಾರು ಶೀಟನ್ನು ಕಿಂಡಿಗಾಗಿ ಕೊರೆಯುವುದಾಗಲಿ, ಒಣಗಿದ್ದಾಗ ಉಜ್ಜುವುದಾಗಲಿ ಖಂಡಿತ ಕೂಡದು; ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ. ಅಂತಹ ಮನೆಯಲ್ಲಿ ಗೋಡೆಯಲ್ಲೇ ಕಿಂಡಿ ಮಾಡಬೇಕು.

ಇಷ್ಟೆಲ್ಲ ಮಾಡಿದ ಅಟ್ಟವೂ ಸಾಮಾನು ಇಡಲು, ಕೆಳಗೆ ಮಲಗುವವರಿಗೆ ತಂಪಾಗಲು ಒಳ್ಳೆಯದು. ಬೀಜಕ್ಕಾದರೆ ಮಾರ್ಚ್ ಬಂದೊಡನೆ ಕೆಳಗಿನ ಉತ್ತರದ ಕೋಣೆಯೇ ಮೇಲು. ಶೇಂಗಾವನ್ನು ಕಾಯಿಯಲ್ಲೇ ಇಟ್ಟು, ತೇವಾಂಶ ಶೇಕಡ 9ನ್ನು ಮೀರದಂತೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಚೀಲ ಜೋಡಿಸಬೇಕು. ಬಿತ್ತನೆ ಹತ್ತಿರವಾದಾಗ ಮಾತ್ರ ಸುಲಿಯಬೇಕು. ಮೇ ಮಧ್ಯದಲ್ಲಿ 100 ಬೀಜಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, ಹತ್ತನೆಯ ದಿನ ಎಣಿಸಿರಿ. ಪ್ರಮಾಣಿತ ಬೀಜಕ್ಕೆ ಇರಬೇಕಾದ ಮೊಳಕೆ ಶೇಕಡ 70. ಅದಕ್ಕಿಂತ ಸ್ವಲ್ಪವೇ ಕಡಿಮೆಯಿದ್ದರೆ ಬೀಜದ ಪ್ರಮಾಣ ಹೆಚ್ಚಿಸಬಹುದು. ಅರ್ಧಕ್ಕಿಂತ ಕಡಿಮೆ ಬಂದರೆ ಆ ಬೀಜವನ್ನು ಗಾಣಕ್ಕೆ ಕಳಿಸಿ ಬೇರೆ ಬೀಜ ಹುಡುಕಲು ಇನ್ನೂ ವೇಳೆಯಿರುತ್ತದೆ.